ಮಗ್ಗದ ಸಪ್ಪಳಕ್ಕೆ ನಿದ್ದೆ

೧೪ ಅಕ್ಟೋಬರ್, ಮಂಗಳವಾರ

ಆಸ್ಪತ್ರೆಯಿಂದ ಬಂದಾಗಿನಿಂದ ಮಗಳು ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಹುಟ್ಟಿದ ವಾರದಲ್ಲೇ ಅವಳ ಎದೆ ತೆರೆದು, ಹೃದಯದ ಅದಲುಬದಲಾಗಿದ್ದ ರಕ್ತನಾಳಗಳನ್ನು ಸರಿಯಾಗಿ ಜೋಡಿಸಿದ್ದಾರೆ. ಅಷ್ಟು ನೊಂದ ಕೂಸಿಗೆ ಗದ್ದಲ ಬೇಡವೆಂದು ನನ್ನ ಗಂಡ ದುರಗೇಶ ಮಗ್ಗಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದ. ಇಡೀ ಬನಹಟ್ಟಿಯಲ್ಲಿ ನಮ್ಮ ಮನೆಯೊಂದರಲ್ಲೇ ಮಗ್ಗ ಸುಮ್ಮನಿತ್ತು. ಅಳು ಮಾತ್ರ ನಿಲ್ಲಲಿಲ್ಲ.

ಸಂಜೆ ಅತ್ತೆ ಸಿಟ್ಟಾದರು. "ಲೇ ದುರಗ್ಯಾ, ಮಗ್ಗ ಚಾಲೂ ಮಾಡೊ. ಹೊಟ್ಯಾಗಿದ್ದಾಗಿಂದ ಅದನ್ನ ಕೇಳ್ಯಾಳ. ಅದಿಲ್ಲಂದ್ರ ಇದು ನಮ್ಮನಿ ಅಂತ ಅಕಿಗಿ ಹೆಂಗ ಗೊತ್ತಾಗಬೇಕು?"

ಖಟಖಟ ಶುರುವಾದದ್ದೇ ತಡ, ನನ್ನ ಬಂಗಾರಿಯ ಮುಷ್ಟಿ ಸಡಿಲವಾಯಿತು, ಕಣ್ಣು ಮುಚ್ಚಿತು. ಆಪರೇಷನ್ನಿಗೆ ಮುಂಚೆ ನೀಲಿಗಟ್ಟುತ್ತಿದ್ದ ತುಟಿಯನ್ನು ರೂಢಿಯಂತೆ ಹೆದರಿ ನೋಡಿದೆ. ನೀಲಿಯಿಲ್ಲ, ತಿಳಿಗೆಂಪು.

ನೂಲು ಮುಗಿದರೂ ದುರಗೇಶ ಖಾಲಿ ಮಗ್ಗ ಓಡಿಸುತ್ತಲೇ ಇದ್ದಾನೆ, ನಿಲ್ಲಿಸಲು ಧೈರ್ಯವಿಲ್ಲ. ಈ ಸಪ್ಪಳಕ್ಕೆ ನನಗೂ ಕಣ್ಣು...