ಪುಟ ೪೧ರಿಂದ ೪೮

ಅಪ್ಪಾ,

ನೀವು ಹೋದ ಮೇಲೆ ಕಾಲೇಜಿನ ಸುದ್ದಿ ಕೇಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಾಳಿಂಬ ಊರಿನ ಸಾರಿಕಾ ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಇವತ್ತು ಗ್ರಂಥಸೂಚಿ ತೋರಿಸಲು ಬಂದಿದ್ದಳು. ಕೂಸಿಗೆ ಲಿಂಗ ಕಟ್ಟುವ ಕ್ರಮಕ್ಕೆ ನನ್ನ ಲೇಖನವನ್ನೇ ಆಧಾರವಾಗಿ ಕೊಟ್ಟಿದ್ದಳು. ಅದನ್ನು ಹೊಡೆದು ಹಾಕಿಸಿ, ಮಠದ ಪುಸ್ತಕದ ಒಂದು ಅಧ್ಯಾಯವನ್ನು ಸೇರಿಸಿ, ‘ಸ್ವಾಮಿ, ಶಂಕರಯ್ಯ’ ಎಂದು ಬರೆಸಿದೆ. ಅಧ್ಯಾಯ ಬರೆದವರ ಹೆಸರು ಮೊದಲು, ಪುಸ್ತಕದ ಸಂಪಾದಕರದು ಆಮೇಲೆ ಎಂದೂ ಹೇಳಿದೆ.

“ಸರ್, ‘ಸ್ವಾಮಿ’ ಅನ್ನೋ ಆಡನಾವ ನಿಮ್ದೇ ಅದಲ್ರೀ. ಇವರು ನಿಮಗ ಏನಾಗ್ಬೇಕ್ರೀ?”

“ನಮ್ಮಪ್ಪ.”

“ಮತ್ತ ನಿಮ್ಮ ಲೇಖನದಾಗ ಇವರ ಹೆಸರೇ ಇಲ್ಲಲ್ರೀ?”

“ಮನ್ಯಾಗ ಕೇಳಿದ್ದು. ಅದಕ್ಕ ಹಾಕಿರ್ಲಿಲ್ಲ.”

ಆಕೆ ಪೆನ್ನು ತೆಗೆದಳು. ಪುಟಸಂಖ್ಯೆ ಹೇಳ್ರೀ ಎಂದಳು. ಅದು ನನಗೆ ಗೊತ್ತಿರಲಿಲ್ಲ.

ಗುರುವಿನ ಹೆಸರು ಹೇಳದೆ ನೀವು ಒಂದು ಕೂಸಿಗೂ ಲಿಂಗ ಕಟ್ಟಿದವರಲ್ಲ. ಆದರೂ ನನ್ನ ಲೇಖನ ಅಚ್ಚಾದಾಗ ಪೂರ್ತಿ ಓದಿ, “ಚಲೋ ಬರ್ದೀ” ಎಂದಷ್ಟೇ ಹೇಳಿದ್ದಿರಿ.

ಸಂಜೆ ಮನೆಗೆ ಬಂದು, ನೀವು ಸಹಿ ಮಾಡಿ ಕೊಟ್ಟಿದ್ದ ಮಠದ ಪುಸ್ತಕವನ್ನು ಕಪಾಟಿನಿಂದ ತೆಗೆದೆ. ನಿಮ್ಮ ಅಧ್ಯಾಯದ ಹಾಳೆಗಳು ಪ್ರೆಸ್ಸಿನಿಂದ ಬಂದ ಹಾಗೆಯೇ, ಅಂಚು ಕತ್ತರಿಸದೆ, ಒಂದಕ್ಕೊಂದು ಕೂಡಿಕೊಂಡಿದ್ದವು. ಬ್ಲೇಡಿನಿಂದ ಬಿಡಿಸಿದೆ. ೪೧ರಿಂದ ೪೮. ಸಾರಿಕಾಳಿಗೆ ಫೋನಿನಲ್ಲಿ ತಿಳಿಸಿದ್ದೇನೆ.

ಮೊದಲ ಸಾಲಿನಲ್ಲಿ ನಿಮ್ಮ ಗುರುವಿನ ಹೆಸರಿದೆ. ನಲವತ್ತೆಂಟನೆಯ ಪುಟದ ಕೊನೆಗೆ ಹೀಗಿದೆ: “ಇದನ್ನು ಬರೆಯಲು ಹಚ್ಚಿದವನು ನನ್ನ ಮಗ ಸಿದ್ಧೇಶ್ವರ.”