ಬಸುರಿಗೆ ಒಂದೇ ಊರೆಂದು ಬರೆದುಕೊಂಡವರಿಗೆ

ತಾಯಂದಿರ ಆರೋಗ್ಯ ದಾಖಲೆಯ ಹೊಸ ತಂತ್ರಾಂಶದ ಯೋಜನಾ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವು ಮಾಡಿಸಿದ ತಂತ್ರಾಂಶದಲ್ಲಿ ಒಬ್ಬ ಹೆಂಗಸಿಗೆ ಒಂದೇ ಊರು. ನಮ್ಮ ಕಡೆ ಬಸುರಿಗೆ ಎರಡು ಊರು, ಒಂದು ಗಂಡನದು, ಇನ್ನೊಂದು ತವರು. ಇಷ್ಟು ಸಣ್ಣ ಸಂಗತಿ ತಮ್ಮ ಕಂಪ್ಯೂಟರಿಗೆ ಗೊತ್ತಿರದ ಕಾರಣ ಹೋದ ವರ್ಷ ಆಷಾಢದಲ್ಲಿ ಮಮತಾ ಎಂಬ ಇಪ್ಪತ್ತೆರಡು ವರ್ಷದ ಹುಡುಗಿ ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ತೀರಿಹೋದಳು. ಆಕೆಯ ತವರೂರು ಗದಗದಿಂದ ಹೊಂಬಳದ ಕಡೆ ಹೋಗುವ ಬಸ್ಸಿನ ದಾರಿಯಲ್ಲಿದೆ. ಅಲ್ಲಿಯ ಉಪಕೇಂದ್ರದ ಆರೋಗ್ಯ ಸಹಾಯಕಿ ನಾನೇ ಆಗಿದ್ದೆ. ಹೋದ ತಿಂಗಳು ನಿವೃತ್ತಳಾದೆ. ನೌಕರಿಯಲ್ಲಿದ್ದಾಗ ಸಾಹೇಬರ ಎದುರಿಗೆ ಬಾಯಿ ಬಿಡದವಳಿಗೆ ಈಗ ಎಲ್ಲಿಂದ ಧೈರ್ಯ ಬಂತು ಎಂದು ತಾವು ನಗಬಹುದು. ನಗಿರಿ. ಆದರೆ ಮಮತಾಳ ತಂಗಿ ಶಿವಲಕ್ಷ್ಮಿಗೆ ಈಗ ಆರು ತಿಂಗಳು. ಮುಂಡರಗಿ ಕಡೆ ಕೊಟ್ಟಿದ್ದಾರೆ. ಬರುವ ತಿಂಗಳು ಆಕೆಯ ಕುಬಸ. ಕುಬಸ ಮುಗಿಸಿಕೊಂಡು ಹೆರಿಗೆಗೆ ಆಕೆಯೂ ಅದೇ ತವರಿಗೆ ಬರಬೇಕಾದವಳು. ತಮ್ಮ ತಂತ್ರಾಂಶ ಮಾತ್ರ ಇದ್ದ ಹಾಗೇ ಇದೆ. ಅದಕ್ಕೇ ಈ ಪತ್ರ.

ತಮ್ಮ ಕಡೆ ಸೀಮಂತ ಎನ್ನುತ್ತಾರಲ್ಲ, ಅದನ್ನೇ ನಾವು ಕುಬಸ ಎನ್ನುತ್ತೇವೆ. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಬೀಗರ ಊರಿಗೆ ಹೋಗುತ್ತಾರೆ. ಆರತಿ ಮಾಡಿ, ಮಗಳನ್ನು ಕರೆದುಕೊಂಡು ಬರುತ್ತಾರೆ. ಕೂಸಿಗೆ ಮೂರೋ ಐದೋ ತಿಂಗಳಾಗುವವರೆಗೆ ಆಕೆ ತವರಿನಲ್ಲೇ ಇರುತ್ತಾಳೆ. ಇದೇನು ಗುಟ್ಟಿನ ವಿಷಯವಲ್ಲ. ಶಿರಹಟ್ಟಿಯ ಬಸ್‌ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತರೆ ಹಸಿರು ಬಳೆ ತೊಟ್ಟ ಬಸುರಿಯರು ಬಸ್ಸು ಹತ್ತುವುದು ಕಣ್ಣಿಗೆ ಬೀಳುತ್ತದೆ. ಕಂಡಕ್ಟರನಿಗೂ ಗೊತ್ತಿರುವ ಈ ಸಂಗತಿಯನ್ನು ತಿಳಿಯಲು ತಾವು ಒಂದು ಸಮಿತಿ, ಒಂದು ಕಂಪನಿಯನ್ನು ನೇಮಿಸಿ ಎಂಬತ್ತಾರು ಪುಟಗಳ ಒಂದು ದಾಖಲೆಯನ್ನು ಬರೆಸಿದಿರಿ. ಆದರೂ ಅದು ತಿಳಿಯಲಿಲ್ಲ ಎಂಬುದೇ ಆಶ್ಚರ್ಯ.

ಎರಡು ವರ್ಷದ ಹಿಂದೆ ಗದಗದ ಒಂದು ಸಭಾಂಗಣದಲ್ಲಿ ‘ಅವಶ್ಯಕತೆಗಳ ಸಂಗ್ರಹ’ ಎಂಬ ಸಭೆ ನಡೆಯಿತು. ತಂತ್ರಾಂಶ ಕಟ್ಟುವ ಮೊದಲು ಅದನ್ನು ಬಳಸುವವರ ಕೆಲಸ ಏನು, ಅವರಿಗೆ ಏನು ಬೇಕು ಎಂದು ಕೇಳಿ ತಿಳಿಯುವ ಸಭೆ ಅದು ಎಂದು ನಮಗೆ ಹೇಳಿದರು. ಒಳ್ಳೆಯ ವಿಚಾರ. ಇಂಥದ್ದೊಂದು ವಿಚಾರ ಸರಕಾರಕ್ಕೆ ಬಂತಲ್ಲ ಎಂದು ನಾವು ನಲವತ್ತು ಜನ ಸಿಸ್ಟರುಗಳು ಖುಷಿಯಿಂದಲೇ ಹೋದೆವು. ಮುಂದಿನ ಎರಡು ಸಾಲು ಸಾಹೇಬರುಗಳಿಗೆ, ಹಿಂದಿನ ಸಾಲುಗಳು ನಮಗೆ. ಕಂಪನಿಯಿಂದ ಬಂದ ಹುಡುಗಿ ಚುರುಕಾಗಿದ್ದಳು, ವಿನಯವಿತ್ತು. ದೊಡ್ಡ ಹಾಳೆಯ ಮೇಲೆ ಚೌಕಗಳನ್ನು ಬರೆದು ಒಂದರಲ್ಲಿ ‘ಮಹಿಳೆ’ ಎಂದಳು, ಇನ್ನೊಂದರಲ್ಲಿ ‘ಗ್ರಾಮ’ ಎಂದಳು, ನಡುವೆ ಒಂದು ಗೆರೆ ಎಳೆದಳು.

“ಒಬ್ಬ ಮಹಿಳೆ ಒಂದೇ ಗ್ರಾಮಕ್ಕೆ ಸೇರಿರ್ತಾಳೆ ಅಂತ ಈ ಗೆರೆ ಹೇಳುತ್ತೆ. ಎಲ್ರಿಗೂ ಸರೀನಾ ಮೇಡಂ?” ಎಂದು ನಮ್ಮ ಕಡೆ ನೋಡಿದಳು.

ಸರಿ ಇಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಅರ್ಧ ಎದ್ದೆ. ಮುಂದೆ ಕೂತಿದ್ದ ಒಬ್ಬ ಸಾಹೇಬರು ಗಡಿಯಾರ ನೋಡಿಕೊಂಡು, “ಏನ್ರೀ ಸಿಸ್ಟರ್, ವರ್ಗಾವಣೆ ಮಾತಿದ್ರ ಆಮ್ಯಾಲ ಬರ್ರಿ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಕೂತುಬಿಟ್ಟೆ. ನಲವತ್ತೂ ಬಾಯಿಗಳು “ಸರಿ ಐತ್ರಿ” ಎಂದವು.

ಸಾಹೇಬರ ಎದುರಿಗೆ ಕೆಳಗಿನವರು ಬಾಯಿ ಬಿಡುವುದಿಲ್ಲ, ಮಾನ್ಯರೇ. ಅದು ನಮಗೆ ಕಲಿಸಿದ ಶಿಸ್ತು. ನಮ್ಮ ಮಾತು ಹೊರಬೀಳುವುದು ಹೊರಗಡೆ, ಚಹಾದ ಅಂಗಡಿಯಲ್ಲಿ. ಅಂದು ಕೂಡ ಹಾಗೇ ಆಯಿತು. ಬೇವಿನ ಗಿಡದ ಕೆಳಗೆ ನಿಂತು ನಲವತ್ತು ಜನರೂ ಒಂದೇ ಮಾತು ಆಡಿದೆವು. “ಬಾಣಂತನಕ್ಕ ಬಂದೋರ್ನ ಎಲ್ಲೆ ಬರಿಯೂದ್ರಿ?” ನಮ್ಮಲ್ಲಿ ಹಿರಿಯಳಾದ ಅಮೀನಬಿ, “ಆ ಹುಡಿಗಿದು ಇನ್ನಾ ಲಗ್ನ ಆಗಿಲ್ಲ ಕಾಣ್ತೈತಿ. ಒಂದ ಸಲ ಬಸರಾಗಿ ಬಂದ್ರ ಎರಡನೇ ಗೆರಿ ತಾನ ಎಳೀತಾಳ ಬಿಡ್ರಿ” ಎಂದಳು. ಮತ್ತೆ ನಕ್ಕೆವು. ಆ ಹುಡುಗಿಯನ್ನು ಅಷ್ಟರಲ್ಲಿ ಸಾಹೇಬರು ಊಟಕ್ಕೆ ಕರೆದೊಯ್ದಿದ್ದರು. ಊಟ ಮುಗಿಸಿ ಅವರ ಗಾಡಿ ಹುಬ್ಬಳ್ಳಿ ರಸ್ತೆ ಹಿಡಿಯಿತು. ಆಕೆ ಹತ್ತು ನಿಮಿಷ ಬೇವಿನ ಗಿಡದ ಕೆಳಗೆ ಬಂದು ನಿಂತಿದ್ದರೆ ಸಾಕಿತ್ತು. ಆಕೆಯ ತಪ್ಪು ಎಂದು ನಾನು ಹೇಳುವುದಿಲ್ಲ. ಹಾಗೆ ನಿಲ್ಲಬೇಕು ಎಂದು ಆಕೆಗೆ ಹೇಳಿಕೊಡಬೇಕಾದವರು ಯಾರು?

ಇನ್ನೂ ಒಂದು ಮಾತಿದೆ. ಆ ದಿನ ನನ್ನ ಚೀಲದಲ್ಲಿ ನನ್ನ ರಿಜಿಸ್ಟರ್ ಇತ್ತು. ತೋರಿಸು ಎಂದಾರು ಎಂದು ಒಯ್ದಿದ್ದೆ. ಸರಕಾರ ಅಚ್ಚು ಹಾಕಿಸಿದ ಆ ಪುಸ್ತಕದಲ್ಲಿ ತವರಿನ ಕಾಲಂ ಇರಲಿಲ್ಲ, ಖರೆ. ಆದರೆ ಪ್ರತಿ ಪುಟದ ಅಂಚಿನಲ್ಲಿ ನಾನು ಸ್ಕೇಲ್ ಇಟ್ಟು ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡಿದ್ದೆ. ಅದರಲ್ಲಿ ತವರೂರು, ಕುಬಸದ ದಿನ, ಅಲ್ಲಿಯ ಸಿಸ್ಟರ್ ಫೋನ್ ನಂಬರ್. ಹುಡುಗಿ ಊರು ಬಿಡುವ ದಿನ ಆಕೆಯ ಬಿಪಿ, ರಕ್ತ, ಗುಳಿಗೆ ಎಲ್ಲ ಒಂದು ಚೀಟಿಯಲ್ಲಿ ಬರೆದು ಬುತ್ತಿ ಗಂಟಿನೊಳಗೆ ಇಡುತ್ತಿದ್ದೆ. ಬಂದವರ ಚೀಟಿ ನಾನು ಕೇಳಿ ತೆಗೆದುಕೊಳ್ಳುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಇದನ್ನು ನಮಗೆ ಯಾರೂ ಕಲಿಸಲಿಲ್ಲ. ಕೆಲಸವೇ ಕಲಿಸಿತು. ಜಿಲ್ಲೆಯ ಎಷ್ಟೋ ಸಿಸ್ಟರುಗಳು ಇದೇ ರೀತಿ ಅಂಚಿನಲ್ಲಿ ಗೆರೆ ಎಳೆದುಕೊಂಡಿದ್ದರು. ನಿಮಗೇನು ಬೇಕು ಎಂದು ಕೇಳಿದವರು, ನೀವೇನು ಮಾಡುತ್ತೀರಿ ತೋರಿಸಿ ಎಂದು ಕೇಳಲಿಲ್ಲ. ರಿಜಿಸ್ಟರ್ ಚೀಲದಲ್ಲೇ ಮನೆಗೆ ವಾಪಸ್ ಬಂತು. ಹೊರಡುವ ಮೊದಲು ಹಾಜರಿ ಎಂದು ತಿಳಿದು ಒಂದು ಹಾಳೆಗೆ ಸಹಿ ಹಾಕಿದ್ದೆವು. ಅದು ಹಾಜರಿಯಾಗಿರಲಿಲ್ಲ, ಆಮೇಲೆ ಬರೆಯಲಿದ್ದ ಎಂಬತ್ತಾರು ಪುಟದ ಇಂಗ್ಲಿಷ್ ದಾಖಲೆಗೆ ನಮ್ಮ ಒಪ್ಪಿಗೆಯಾಗಿತ್ತು.

ಆರು ತಿಂಗಳಲ್ಲಿ ಟ್ಯಾಬ್ ಬಂತು. ಅದರ ಹಿಂದೆಯೇ ಸುತ್ತೋಲೆ ಬಂತು. ಇನ್ನು ಮುಂದೆ ಕಾಗದದ ರಿಜಿಸ್ಟರ್ ಇಟ್ಟರೆ ಶಿಸ್ತು ಕ್ರಮ. ನಮ್ಮ ಪುಸ್ತಕಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಹೋದರು. ಕೆಂಪು ಗೆರೆಗಳೂ ಅದರ ಜೊತೆಗೇ ಹೋದವು.

ಮಮತಾಳನ್ನು ಲಕ್ಷ್ಮೇಶ್ವರದ ಆಚೆಗಿನ ಹಳ್ಳಿಗೆ ಕೊಟ್ಟಿದ್ದರು. ಆರನೆಯ ತಿಂಗಳಲ್ಲಿ ಆಕೆಯ ಬಿಪಿ ಏರಿತು. ಅಲ್ಲಿಯ ಸಿಸ್ಟರ್ ಸರಿಯಾಗಿಯೇ ಗುರುತಿಸಿದಳು, ಡಾಕ್ಟರರಿಂದ ಗುಳಿಗೆ ಕೊಡಿಸಿದಳು, ಟ್ಯಾಬಿನಲ್ಲಿ ತುಂಬಿದಳು. ಹೆಸರಿನ ಮುಂದೆ ಕೆಂಪು ಬಣ್ಣ ಬಂತು, ವಾರಕ್ಕೊಮ್ಮೆ ನೋಡಬೇಕು ಎಂದು ಸೂಚನೆಯೂ ಬಂತು. ಇದೆಲ್ಲ ನನಗೆ ಗೊತ್ತಾದದ್ದು ಆಕೆ ಸತ್ತ ಮೇಲೆ. ಕಾರ ಹುಣ್ಣಿಮೆ ಆಗಿ ಎರಡು ದಿನಕ್ಕೆ ಕುಬಸ ಮುಗಿಸಿಕೊಂಡು ತವರಿಗೆ ಬಂದಳು. ಅವ್ವ ಕರಿಯವ್ವ ಮರುದಿನವೇ ಉಪಕೇಂದ್ರಕ್ಕೆ ಕರೆತಂದಳು. ಟ್ಯಾಬಿನಲ್ಲಿ ಹೆಸರು ಹೊಡೆದೆ. ‘ಬೇರೆ ಉಪಕೇಂದ್ರದಲ್ಲಿ ನೋಂದಣಿಯಾಗಿದೆ. ವಿವರ ನೋಡಲು ನಿಮಗೆ ಅನುಮತಿ ಇಲ್ಲ’ ಎಂದಿತು. ಬಿಪಿ ನೋಡಿದೆ, ಸ್ವಲ್ಪ ಹೆಚ್ಚು, ಹೆದರುವಷ್ಟಿರಲಿಲ್ಲ. ಗುಳಿಗೆಯಿಂದ ಅದು ಇಳಿದಿದೆ ಎಂದು ನನಗೆ ಹೇಗೆ ತಿಳಿಯಬೇಕು? “ಅಲ್ಲೆ ಏನರ ತ್ರಾಸ ಇತ್ತೇನ ಮಮತಾ?” ಎಂದು ಕೇಳಿದೆ. “ಇಲ್ರಿ ಅಕ್ಕಾರ, ಎಲ್ಲಾ ಆರಾಮ. ರಕ್ತದ ಗುಳಿಗಿ ತಗೊಳ್ಳಾಕತ್ತೀನ್ರಿ” ಎಂದಳು. ಬಿಪಿ ಗುಳಿಗೆಯನ್ನೂ, ಎಲ್ಲ ಬಸುರಿಯರಿಗೆ ರಕ್ತ ಹೆಚ್ಚಲೆಂದು ಕೊಡುವ ರಕ್ತದ ಗುಳಿಗೆ ಎಂದೇ ಆಕೆ ತಿಳಿದಿದ್ದಳು. ತಾಯಿ ಕಾರ್ಡು ಎಲ್ಲಿ ಎಂದರೆ, ಅತ್ತೆಯ ಟ್ರಂಕಿನಲ್ಲಿ. ಇದ್ದರೂ ಉಪಯೋಗವಿರಲಿಲ್ಲ, ಟ್ಯಾಬ್ ಬಂದ ಮೇಲೆ ಅದರಲ್ಲಿ ಬರೆಯುವುದನ್ನು ಬಿಟ್ಟಿದ್ದರು.

ಅಲ್ಲಿಯ ಸಿಸ್ಟರ್‌ಗೆ ಫೋನ್ ಮಾಡಬಹುದಿತ್ತಲ್ಲ ಎಂದು ತಾವು ಕೇಳುತ್ತೀರಿ. ಮಾಡಬಹುದಿತ್ತು. ನಂಬರ್ ಹುಡುಕಬೇಕಿತ್ತು, ಹುಡುಕಲಿಲ್ಲ. ನಾಲ್ಕು ಹಳ್ಳಿ ನನ್ನ ಪಾಲಿಗಿದ್ದವು. ದಿನಾ ಮುಂಜಾನೆ ಟ್ಯಾಬ್ ತೋರಿಸಿದ ಮನೆಗಳಿಗೆ ಹೋಗಿ ಬರುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಮಮತಾಳ ಮನೆ ಆ ಪಟ್ಟಿಯಲ್ಲಿ ಒಂದು ದಿನವೂ ಬರಲಿಲ್ಲ. ಈ ತಪ್ಪು ನನ್ನದು. ಯಾರ ಮೇಲೂ ಹಾಕುವುದಿಲ್ಲ.

ಅತ್ತ ಲಕ್ಷ್ಮೇಶ್ವರದ ಕಡೆ ಏನಾಯಿತು ಕೇಳಿ. ಆ ಸಿಸ್ಟರ್‌ಗೆ ವಾರವಾರವೂ ಪಟ್ಟಿಯಲ್ಲಿ ಮಮತಾ ಬಂದಳು. ಹೋದಳು. ಅತ್ತೆ ಬಾಗಿಲಲ್ಲೇ ನಿಂತು, “ತವರಿಗೆ ಹೋಗ್ಯಾಳ್ರಿ” ಎಂದಳು. ಟ್ಯಾಬಿನಲ್ಲಿ ಒತ್ತಲು ಮೂರೇ ಇದ್ದವು: ಭೇಟಿಯಾಯಿತು, ನಿರಾಕರಿಸಿದರು, ಮನೆಗೆ ಬೀಗ. ಯಾವುದಾದರೂ ಒಂದನ್ನು ಒತ್ತದೆ ಅದು ಮುಂದಕ್ಕೆ ಬಿಡುವುದಿಲ್ಲ. ಆಕೆ ಮೂರು ವಾರವೂ ‘ಮನೆಗೆ ಬೀಗ’ ಒತ್ತಿದಳು. ತೆರೆದ ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು ಎಂದು ಆಕೆ ನನ್ನ ಮುಂದೆ ಅತ್ತು ಹೇಳಿದಳು. ನಮ್ಮ ಜಿಲ್ಲೆಯಲ್ಲಿ ಬಸುರಿ ಮನೆಯಲ್ಲಿ ಸಿಗದಿರಲು ಎಲ್ಲಕ್ಕಿಂತ ದೊಡ್ಡ ಕಾರಣ ಯಾವುದೋ, ಅದೊಂದು ತಮ್ಮ ಪಟ್ಟಿಯಲ್ಲಿ ಇರಲಿಲ್ಲ.

ತವರಿಗೆ ಬಂದ ಹತ್ತು ದಿನಕ್ಕೆ ಗುಳಿಗೆ ಮುಗಿದವು. ಇಪ್ಪತ್ಮೂರನೆಯ ದಿನ ಸೋಮವಾರ. ಹನ್ನೊಂದರ ಹೊತ್ತಿಗೆ ತಂದೆ ಹೊಳೆಯಪ್ಪ ಓಡುತ್ತ ಬಂದು, “ಅಕ್ಕಾರ, ಮಮತಾ ಹೆಂಗೋ ಮಾಡಾಕತ್ತಾಳ, ಜಲ್ದಿ ಬರ್ರಿ” ಎಂದ. ಹೋಗಿ ನೋಡಿದರೆ ಹಸನು ಮಾಡುತ್ತಿದ್ದ ಜೋಳ ಪಡಸಾಲೆಯ ತುಂಬ ಚೆಲ್ಲಿತ್ತು, ಆಕೆ ಅದರ ಮೇಲೆ ಸೆಟೆದು ಬಿದ್ದಿದ್ದಳು. ಬಿಪಿ ನೂರಾ ತೊಂಬತ್ತು ದಾಟಿತ್ತು. ನನಗೆ ಗೊತ್ತಿದ್ದ ಇಂಜೆಕ್ಷನ್ ಕೊಟ್ಟೆ, ಗಾಡಿ ತರಿಸಿದೆ. ಗದಗ ಮುಟ್ಟಿದ ಮೇಲೆ ಡಾಕ್ಟರರು ಕೇಳಿದರು: “ಮೊದಲ ಬಿಪಿ ಇತ್ತೇನ್ರಿ? ಯಾವ ಗುಳಿಗಿ, ಎಷ್ಟ ದಿನ?” ಟ್ಯಾಬ್ ನನ್ನ ಕೈಯಲ್ಲೇ ಇತ್ತು. ಅನುಮತಿ ಇಲ್ಲ ಎಂದು ಮತ್ತೊಮ್ಮೆ ತೋರಿಸಿತು. ಮೂವತ್ತು ವರ್ಷ ನೌಕರಿ ಮಾಡಿದವಳು ಡಾಕ್ಟರರ ಮುಂದೆ “ಗೊತ್ತಿಲ್ರಿ” ಎಂದೆ. ಕೂಸು ಅವತ್ತೇ ಹೋಯಿತು. ಮಮತಾ ಬುಧವಾರ ಮಧ್ಯಾಹ್ನ ಹೋದಳು. ಆ ಎರಡು ದಿನ ಕರಿಯವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಿದ್ದಳು.

ಆಮೇಲಿನದು ತಮಗೆ ಗೊತ್ತಿರಬೇಕು, ತಮ್ಮ ಕಚೇರಿಯಲ್ಲೇ ನಡೆದದ್ದು. ಆಕೆಯ ಸಾವನ್ನು ನಾನು ತುಂಬಲು ಹೋದರೆ ಆಕೆ ನನ್ನ ಊರಿನವಳಲ್ಲ. ಅಲ್ಲಿಯ ಸಿಸ್ಟರ್ ತುಂಬಲು ಹೋದರೆ ಸಾವು ಅವಳ ಊರಿನಲ್ಲಿ ಆದದ್ದಲ್ಲ. ಆ ತಿಂಗಳ ವರದಿಯಲ್ಲಿ ಎರಡೂ ಕಡೆ ತಾಯಂದಿರ ಮರಣ ಸೊನ್ನೆ. ಅಭಿನಂದನೆಗಳು. ನಾನು ಮೂರು ಅರ್ಜಿ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ‘ಬಳಕೆದಾರರು ಅಂಗೀಕರಿಸಿದ ಅವಶ್ಯಕತೆಗಳಿಗೆ ಅನುಗುಣವಾಗಿ ತಂತ್ರಾಂಶವು ಕಾರ್ಯನಿರ್ವಹಿಸಿರುತ್ತದೆ.’ ಜೊತೆಗೆ ನಮ್ಮ ನಲವತ್ತು ಸಹಿಗಳ ನಕಲು. ತಮ್ಮ ಮಾತು ನಿಜ, ಮಾನ್ಯರೇ. ತಂತ್ರಾಂಶ ಎಲ್ಲಿಯೂ ಕೆಡಲಿಲ್ಲ. ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿತು. ಬರೆದುಕೊಂಡದ್ದೇ ತಪ್ಪಾಗಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಆ ಉತ್ತರದಲ್ಲಿ ಜಾಗವಿರಲಿಲ್ಲ.

ನಾನು ಯಾರ ಅಮಾನತ್ತನ್ನೂ ಕೇಳುತ್ತಿಲ್ಲ. ಆ ಹಾಳೆಯ ಮೇಲೆ ಇನ್ನೊಂದು ಗೆರೆ ಎಳೆಸಿರಿ. ಗಂಡನ ಊರಿನ ಸಿಸ್ಟರ್‌ಗೂ ತವರೂರಿನ ಸಿಸ್ಟರ್‌ಗೂ ಒಂದೇ ದಾಖಲೆ ಕಾಣುವಂತೆ ಮಾಡಿರಿ. ‘ತವರಿಗೆ ಹೋಗಿದ್ದಾಳೆ’ ಎಂದು ಒತ್ತಲು ಒಂದು ಜಾಗ ಕೊಡಿರಿ, ಒತ್ತಿದ ಕೂಡಲೇ ತವರೂರಿಗೆ ಖಬರು ಹೋಗಲಿ. ಅದಾಗುವವರೆಗೆ ಆ ಸುತ್ತೋಲೆ ಹಿಂದಕ್ಕೆ ತೆಗೆದುಕೊಂಡು ನಮ್ಮ ರಿಜಿಸ್ಟರುಗಳನ್ನು ನಮಗೆ ಕೊಡಿಸಿರಿ. ಮುಂದಿನ ಸಲ ಅವಶ್ಯಕತೆ ಕೇಳಲು ಬರುವವರನ್ನು ಸಭಾಂಗಣಕ್ಕೆ ಕಳಿಸಬೇಡಿ. ಒಬ್ಬ ಸಿಸ್ಟರ್ ಜೊತೆ ಒಂದು ವಾರ ಕುರ್ತಕೋಟಿಯ ಎರೆಹೊಲದ ದಾರಿಯಲ್ಲಿ ಅಡ್ಡಾಡಲಿ. ಸಾಹೇಬರು ಯಾರೂ ಜೊತೆಗೆ ಬರುವುದು ಬೇಡ.

ಇದೆಲ್ಲ ಈ ತಿಂಗಳೊಳಗೇ ಆಗಬೇಕು. ಏಕೆಂದರೆ ನಿನ್ನೆ ಕರಿಯವ್ವನ ಮನೆಗೆ ಹೋಗಿದ್ದೆ. ಶಿವಲಕ್ಷ್ಮಿ ಬಂದ ದಿನವೇ ನನಗೆ ಹೇಳಿ ಕಳಿಸು, ನೌಕರಿ ಇಲ್ಲದಿದ್ದರೂ ದಿನಾ ಬಂದು ನೋಡುತ್ತೇನೆ ಎಂದು ಹೇಳಲು ಹೋಗಿದ್ದೆ. ಕರಿಯವ್ವ ಹಸಿರು ಸೀರೆ ಮಡಚುತ್ತ ಕೂತಿದ್ದಳು.

“ಕುಬಸಾ ಮಾಡಿ ನಾವಷ್ಟ ತಿರುಗಿ ಬರ್ತೀವ್ರಿ ಅಕ್ಕಾರ. ಅಕಿನ್ನ ಕರಕೊಂಡ ಬರೂದಿಲ್ಲ” ಎಂದಳು.

“ಹಂಗಂದ್ರ ಹೆಂಗ ಕರಿಯವ್ವಾ? ಚೊಚ್ಚಲ ಬಾಣಂತನ, ತವರಾಗ ಆಗಬೇಕಲ್ಲ?”

“ಅಕಿ ಹೆಸರು ಅಲ್ಲೇ ಐತ್ಯಂತ್ರಿ. ಇಲ್ಲೆ ಬಂದ್ರ ಅಕಿ ಯಾರಿಗೂ ಕಾಣೂದಿಲ್ಲ. ಅಕ್ಕಗ ಆಗಿದ್ದು ಸಾಕ್ರಿ. ಮೊನ್ನಿ ಫೋನ್ ಹಚ್ಚಿದಾಗ, ‘ಯಾವಾಗ ಬರ್ತಿಯಬೇ ಕರ್ಯಾಕ’ ಅಂತ ಕೇಳಿದ್ಳು. ‘ನೀ ಬರಬ್ಯಾಡ ಯವ್ವಾ’ ಅಂದೆ. ಫೋನ್ ಇಟ್ಟಬಿಟ್ಳು.”

ಹೆತ್ತ ತಾಯಿ ಬಸುರಿ ಮಗಳಿಗೆ ತವರಿಗೆ ಬರಬೇಡ ಎಂದದ್ದನ್ನು ನಾನು ಈ ಸೀಮೆಯಲ್ಲಿ ಮೊದಲ ಸಲ ಕೇಳಿದೆ. ಮಾನ್ಯರೇ, ಆ ಹುಡುಗಿ ತನ್ನ ಅವ್ವನ ಮನೆಗೆ ಬರುವಂತೆ ಮಾಡಿ.

ಇಂತಿ,
ಕರಿಯವ್ವನ ಮನೆಯ ಮುಂದೆ ತಲೆ ತಗ್ಗಿಸಿ ನಡೆಯುವ
ನಾಗರತ್ನಾ
ನಿವೃತ್ತ ಆರೋಗ್ಯ ಸಹಾಯಕಿ, ಗದಗ ತಾಲೂಕು