ಎಂಟರವರೆಗಿನ ಎಣಿಕೆ

ಮನೆಯಿಂದ, ಜೂನ್ 14, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನಮ್ಮ ಚೆನ್ನಾಗಿದ್ದಾಳೆ, ಅವಳ ಬಾಯಿ ಇನ್ನೂ ಚೆನ್ನಾಗಿದೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆಯೆಂದು ನಗಬೇಡ. ಪೆನ್ನು ಬೆರಳಲ್ಲಿದೆಯೋ ಜಾರಿತೋ ಎಂದು ನೋಡಿಕೊಂಡೇ ಬರೆಯಬೇಕಾಗಿದೆ.

ಹೋದ ವಾರ ಕ್ಷೌರದಂಗಡಿಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಹೋದೆ. ಇನ್ನೊಂದು ದಾರಿಯಲ್ಲಿ ಕಳಚಿದ್ದು ನನಗೆ ಗೊತ್ತೇ ಆಗಲಿಲ್ಲ. "ಇಪ್ಪತ್ ವರ್ಷ ಊರೋರ್ ಶೂಗೆಲ್ಲಾ ಸೋಲ್ ಅಂಟಿಸ್ದೋನು, ನಿನ್ ಚಪ್ಪಲೀನೇ ಅಂಟಿಸ್ಕೊಳ್ಳಲಿಲ್ವಲ್ಲ" ಎಂದ ಕ್ಷೌರಿಕ. ನಾನೂ ನಕ್ಕೆ. ಮನೆಗೆ ಬಂದರೆ ಹಿಮ್ಮಡಿಯಲ್ಲಿ ಗಾಜಿನ ಚೂರು, ನೆಲದ ತುಂಬ ರಕ್ತ. ಅಮ್ಮ ನನ್ನ ಮಾತು ಕೇಳದೆ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಕೆಲಸದ ಬಗ್ಗೆ ಕೇಳಿದರು. ಶೂ ಕಾರ್ಖಾನೆಯಲ್ಲಿ ಅಂಟಿನ ಕೈಯನ್ನು ಥಿನ್ನರಿನ ಡಬ್ಬಿಯಲ್ಲೇ ಅದ್ದಿ ತೊಳೆಯುತ್ತೇವೆ, ಸೋಪಿಗಿಂತ ಬೇಗ ಹೋಗುತ್ತದೆ ಎಂದೆ. ಆ ಥಿನ್ನರೇ ನರಗಳನ್ನು ತಿಂದಿದೆಯಂತೆ. ಮೊದಲು ಪಾದ, ಆಮೇಲೆ ಕೈ. ಅದರಿಂದ ಬೇಗ ದೂರವಾದರೆ ಅಷ್ಟಿಷ್ಟು ಮರಳಬಹುದಂತೆ. ನಾನು ತಡ ಮಾಡಿದ್ದೇನೆ.

ಆಮೇಲೆ ಡಾಕ್ಟರು ಮಾಡಿದ್ದು, ಕಾರ್ಖಾನೆಯ ನರ್ಸ್ ಆರು ತಿಂಗಳಿಗೊಮ್ಮೆ ಮಾಡುವ ಅದೇ ಪರೀಕ್ಷೆ. ಕಣ್ಣು ಮುಚ್ಚಿಸಿ, ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಬಡಿದು ಕಾಲಿನ ಗಿಣ್ಣಿನ ಮೇಲಿಡುತ್ತಾರಲ್ಲ, ಕಡ್ಡಿಯ ನಡುಕ ನಿಂತಾಗ ಹೇಳಬೇಕು. ನಪಾಸಾದವರನ್ನು ಕಸ ಗುಡಿಸಲು ಕಳಿಸುತ್ತಾರೆಂದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಒಂದು ಉಪಾಯ ಬಾಯಿಪಾಠ: ಮನಸ್ಸಿನಲ್ಲಿ ಎಂಟರವರೆಗೆ ಎಣಿಸಿ "ನಿಂತಿತು" ಎನ್ನುವುದು. ಹಳೆಯ ಚಾಳಿ, ಇಲ್ಲೂ ಎಣಿಸಿ ಹಾಗೇ ಹೇಳಿದೆ. "ನಾನಿನ್ನೂ ಬಡಿದೇ ಇಲ್ಲ ಯಜಮಾನ್ರೇ" ಎಂದರು ಡಾಕ್ಟರು. ತಲೆ ಎತ್ತಲಾಗಲಿಲ್ಲ.

ಕೆಲಸ ಬಿಟ್ಟಿದ್ದೇನೆ. ಈಗ ಬಟ್ಟೆ ಮಡಚುತ್ತೇನೆ, ಚಾಕು ಮುಟ್ಟಲು ಅಪ್ಪಣೆಯಿಲ್ಲ. ನೂರು ಕಾಲ ಸುಖವಾಗಿರು.

ನಿನ್ನ ಅಪ್ಪ

ಮರೆತು ಕೊನೆಗೆ ಬರೆಯುತ್ತಿದ್ದೇನೆಂದು ತಿಳಿಯಬೇಡ, ಧೈರ್ಯವಾಗಲಿಲ್ಲ. ನೀನು ಅಲ್ಲಿನ ಶೂ ಕಾರ್ಖಾನೆಯ ಸೋಲ್ ವಿಭಾಗಕ್ಕೆ ಸೇರುವ ಮುಂಚೆ ಆ ಎಂಟರ ಎಣಿಕೆ ಕಲಿಸಿ ಕಳಿಸಿದವನು ನಾನೇ. ಹೋದ ಪತ್ರದಲ್ಲಿ ಪರೀಕ್ಷೆ ಪಾಸಾಯಿತು ಎಂದು ಬರೆದಿದ್ದೀಯ. ನಿನ್ನ ಕಾಲು ಪಾಸಾಯಿತೋ, ನನ್ನ ಎಣಿಕೆಯೋ? ಈ ಪತ್ರ ಕಂಡ ದಿನವೇ ನರ್ಸ್ ಹತ್ತಿರ ಹೋಗು. ಎಣಿಸಬೇಡ ಮಗಳೇ. ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ ಎಂದುಬಿಡು, ಬಸ್ಸು ಹತ್ತು. ನಿಲ್ದಾಣಕ್ಕೆ ನಾನು ಬರುತ್ತೇನೆ, ಎರಡೂ ಚಪ್ಪಲಿ ಇವೆಯೇ ಎಂದು ನೋಡಿಕೊಂಡು.